ಬಾಟಲಿಯಲ್ಲಿ ಬಂದ ನೋವು

ಮಗಳಿಗೆ ಬಾಣಂತನದ ಎಣ್ಣೆನೀರು ಹಾಕುತ್ತಿದ್ದೆ. ಹೆರಿಗೆಯಾಗಿ ನಲವತ್ತು ದಿನ ಕಳೆದಿತ್ತು. ಹೊಟ್ಟೆಯ ಹೊಲಿಗೆ ಆರುವ ತನಕ ತಲೆಗೆ ನೀರು ಬೇಡವೆಂದು ಕಾದು, ಅವತ್ತೇ ಹಂಡೆ ತುಂಬ ನೀರು ಕಾಯಿಸಿದ್ದೆ. ಬೆನ್ನಿಗೆ ಎಣ್ಣೆ ತಿಕ್ಕುವಾಗ ಅವಳು ತಗ್ಗಿಸಿದ ತಲೆ ಎತ್ತದೆ ಕೇಳಿದಳು.

“ಅಮ್ಮ, ಅವತ್ತು ಆ ಬಾಟ್ಲಿಗೆ ಅವ್ರು ಏನು ಹಾಕಿದ್ರು?”

“ಯಾವ ಬಾಟ್ಲಿಗೆ?”

“ಡ್ರಿಪ್ ಬಾಟ್ಲಿಗೆ. ಸಿಸ್ಟರ್ ಬಂದು ಸಿರಿಂಜಿನಲ್ಲಿ ಏನೋ ಹಾಕಿ ಹೋದ್ರಲ್ಲ, ಆಮೇಲೆ ತಾನೆ ಹಾಗಾಗಿದ್ದು. ಹಾಕಿ ಅಂತ ಹೇಳಿದ್ದು ಯಾರು?”

ನಾನು ಚೆಂಬಿನಲ್ಲಿ ನೀರು ಮೊಗೆದು ಅವಳ ಬೆನ್ನಿಗೆ ಹುಯ್ದೆ. ಎರಡು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಮೊದಲನೆಯದಕ್ಕೆ ಉತ್ತರ ಗೊತ್ತಿರಲಿಲ್ಲ. ಎರಡನೆಯದಕ್ಕೆ ಗೊತ್ತಿತ್ತು, ಅದಕ್ಕೇ ಕೊಡಲಿಲ್ಲ.

ಇದಾಗಿ ಮೂರು ವರ್ಷವಾಯಿತು. ನಾನು ಓದಿದ್ದು ಬಿ.ಎ., ಬಿ.ಎಡ್. ಮಕ್ಕಳಿಗೆ ಕನ್ನಡ, ಸಮಾಜ ಹೇಳಿಕೊಡುವವಳು. ವೈದ್ಯಕೀಯದ ವಿಷಯ ನನಗೇಕೆ ಎಂದು ಕೇಳುವವರು ಕೇಳಬಹುದು. ಆದರೆ ಹೆರುವವರು ನಾವು. ನಮ್ಮ ಮೈಗೆ ಏನು ಹೋಗುತ್ತಿದೆ ಎಂದು ತಿಳಿಯಲು ಎಂ.ಬಿ.ಬಿ.ಎಸ್. ಆಗಿರಬೇಕೆಂಬ ನಿಯಮವೇನಿಲ್ಲವಲ್ಲ? ಮಗಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಪುಸ್ತಕ ಓದಿದೆ, ಪರಿಚಯದ ನರ್ಸ್‌ಗಳನ್ನು, ಡಾಕ್ಟರುಗಳನ್ನು ಕೇಳಿದೆ. ತಿಳಿದುಕೊಂಡದ್ದನ್ನು ಕಪ್ಪುಹಲಗೆಯ ಮೇಲೆ ಬರೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವತ್ತಿನ ಕಥೆ ಹೇಳಿಬಿಡುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ಏಳನೇ ತಿಂಗಳಿಗೇ ಮಗಳನ್ನು ಕರೆತಂದಿದ್ದೆವು. ದಿನ ತುಂಬಿ, ಒಂದು ಬೆಳಗಿನ ಜಾವ ನೋವು ಶುರುವಾಯಿತು. ನಮ್ಮೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಹತ್ತೂವರೆಯ ಹೊತ್ತಿಗೆ ಡಾಕ್ಟರು ಬಂದು ನೋಡಿ, “ಮೂರು ಸೆಂಟಿಮೀಟರ್ ಆಗಿದೆ, ಇನ್ನೂ ಟೈಮ್ ಇದೆ” ಎಂದು ಹೋದರು. ತಾಯಿ ಚೆನ್ನಾಗಿದ್ದಳು, ಮಗುವಿನ ಎದೆಬಡಿತ ಚೆನ್ನಾಗಿತ್ತು. ಮಗಳು ನೋವು ಬಂದಾಗ ಮಂಚದ ಕಂಬಿ ಹಿಡಿದುಕೊಳ್ಳುವಳು, ಹೋದಾಗ ಬೀಗಿತ್ತಿ ತಂದಿದ್ದ ಕಾಫಿ ಕುಡಿದು ನಗುವಳು. ಹನ್ನೊಂದೂವರೆಗೆ ಸಿಸ್ಟರ್ ಬಂದು ಬಾಟಲಿಗೆ ಔಷಧಿ ಸೇರಿಸಿದರು. ಅರ್ಧ ಗಂಟೆಯಲ್ಲಿ ನೋವಿನ ಚಹರೆಯೇ ಬದಲಾಯಿತು. ಒಂದು ನೋವು ಇಳಿಯುವ ಮೊದಲೇ ಇನ್ನೊಂದು ಏರುತ್ತಿತ್ತು. “ಅಮ್ಮ, ನಿಲ್ಸೋಕೆ ಹೇಳು, ಉಸಿರಾಡಕ್ಕೆ ಬಿಡ್ತಿಲ್ಲ” ಎಂದು ಕೂಗಿದಳು. ನಮ್ಮನ್ನು ಹೊರಗೆ ಕಳಿಸಿದರು. ಇದ್ದ ಒಬ್ಬ ಸಿಸ್ಟರ್ ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳ ಹೆರಿಗೆ ಮಾಡಿಸುತ್ತಿದ್ದರು. ಬಾಟಲಿ ತೊಟ್ಟಿಕ್ಕುತ್ತಲೇ ಇತ್ತು. ಎರಡು ಗಂಟೆಯ ಮೇಲೆ ಓಡಾಟ ಶುರುವಾಯಿತು. ಮಗುವಿನ ಎದೆಬಡಿತ ಇಳಿದಿದೆ, ತಕ್ಷಣ ಆಪರೇಷನ್ ಎಂದರು. ಮಗು ಹುಟ್ಟಿದಾಗ ಅಳಲಿಲ್ಲ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಮೊಮ್ಮಗಳು ಚೆನ್ನಾಗಿದ್ದಾಳೆ, ಮನೆ ತುಂಬ ಓಡಾಡುತ್ತಾಳೆ. ದೇವರು ದೊಡ್ಡವನು.

ಆದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದದ್ದು ಎರಡೇ ಸಾಲು. ಹೆರಿಗೆ ಮುಂದುವರಿಯಲಿಲ್ಲ, ಮಗುವಿಗೆ ತೊಂದರೆ, ಆದ್ದರಿಂದ ಸಿಸೇರಿಯನ್. ಬಾಟಲಿಗೆ ಏನು ಹಾಕಿದರು, ಎಷ್ಟು ಹಾಕಿದರು, ಯಾವಾಗ ನಿಲ್ಲಿಸಿದರು ಎಂಬುದರ ಸುಳಿವೇ ಇಲ್ಲ. ಆ ಔಷಧಿಯಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಔಷಧಿ ಇಲ್ಲದೆಯೂ ಮಗುವಿನ ಎದೆಬಡಿತ ಇಳಿಯುವುದುಂಟು. ಇದರಿಂದಲೇ ಎಂದೂ ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಎರಡನ್ನೂ ಹೇಳಲಾಗದ ಹಾಗೆ ಮಾಡಿರುವುದೇ ನನ್ನ ದೂರು.

ಬಾಟಲಿಗೆ ಹಾಕಿದ್ದು ಆಕ್ಸಿಟೋಸಿನ್. ಪಿಟೋಸಿನ್, ಸಿಂಟೋಸಿನಾನ್ ಎಂಬ ಕಂಪೆನಿ ಹೆಸರುಗಳೂ ಇವೆ. ನಮ್ಮ ಬಾಯಲ್ಲಿ ಅದು ‘ನೋವು ಬರೋ ಇಂಜೆಕ್ಷನ್’. ಗ್ರೀಕ್ ಭಾಷೆಯಲ್ಲಿ ಅದರ ಹೆಸರಿಗೆ ಶೀಘ್ರ ಪ್ರಸವ ಎಂದೇ ಅರ್ಥವಂತೆ. ಹೊರಗಿನಿಂದ ಬಂದ ವಸ್ತುವೇನಲ್ಲ. ನಮ್ಮ ತಲೆಯೊಳಗೇ ಹುಟ್ಟಿ, ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ರಕ್ತಕ್ಕೆ ಇಳಿಯುವ ಹಾರ್ಮೋನು. ಆ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಬಿಗಿಯುವಂತೆ ಮಾಡುತ್ತದೆ ಎಂದು 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಕಂಡುಕೊಂಡರು. 1909ರಲ್ಲಿ ವಿಲಿಯಂ ಬ್ಲೇರ್-ಬೆಲ್ ಎಂಬ ವೈದ್ಯರು ಅದನ್ನು ಹೆಂಗಸರಿಗೆ ಬಳಸಿದ ವಿಚಾರ ಬರೆದರು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅಲ್ಲಿಂದ ಮುಂದೆ ಹೆರಿಗೆ ನೋವು ಗಾಜಿನ ಆಂಪೂಲಿನಲ್ಲಿ ಸಿಗುವ ವಸ್ತುವಾಯಿತು.

ಈ ಔಷಧಿಯ ಮೇಲೆ ನನಗೆ ಜಗಳವಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ. ಯಾಕೆಂದರೆ ಹಿಂದಿನ ಕಾಲವೇ ಚೆನ್ನಾಗಿತ್ತು, ಸೂಜಿಯೂ ಬೇಡ ಆಸ್ಪತ್ರೆಯೂ ಬೇಡ ಎನ್ನುವ ಮಾತು ಈಗ ಕೆಲವರಿಗೆ ಶೋಕಿಯಾಗಿದೆ. ನನ್ನ ದೊಡ್ಡಮ್ಮ ಮನೆಯಲ್ಲೇ ಹೆತ್ತು, ಮಗು ಅಳುವುದನ್ನು ಕೇಳಿಸಿಕೊಂಡು, ಮಾಸು ಬಿದ್ದ ಮೇಲೆ ರಕ್ತ ನಿಲ್ಲದೆ ಸತ್ತಳು. ಎತ್ತಿನ ಗಾಡಿ ಹೂಡುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಬಾಣಂತಿಯರ ಸಾವಿಗೆ ಜಗತ್ತಿನಲ್ಲೆಲ್ಲ ಬಹು ದೊಡ್ಡ ಕಾರಣ ಈ ರಕ್ತಸ್ರಾವವೇ. ಮಗು ಹೊರಗೆ ಬಂದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ. ಗರ್ಭಕೋಶ ಮುಷ್ಟಿಯಂತೆ ಬಿಗಿದು ರಕ್ತ ನಿಲ್ಲುತ್ತದೆ. ಕರ್ನಾಟಕದಲ್ಲಿ 2001-03ರ ಲೆಕ್ಕದಂತೆ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕಕ್ಕೆ ಅದು 69ಕ್ಕೆ ಇಳಿದಿತ್ತು. ಆಸ್ಪತ್ರೆಯ ಹೆರಿಗೆ, ರಕ್ತ, ಆಂಬುಲೆನ್ಸು, ಇವುಗಳ ಜೊತೆ ಈ ಪುಟ್ಟ ಆಂಪೂಲಿಗೂ ಆ ಪುಣ್ಯದಲ್ಲಿ ಪಾಲಿದೆ. ಆದ್ದರಿಂದ ಇದನ್ನು ಓದಿ ಯಾರೂ ಹೆರಿಗೆಯಾದ ಮೇಲಿನ ಆ ಸೂಜಿಯನ್ನು ಬೇಡವೆನ್ನಬೇಡಿ. ಅದು ನನ್ನ ದೊಡ್ಡಮ್ಮನಿಗೆ ಸಿಗದೇ ಹೋದ ಸೂಜಿ.

ನನ್ನ ಜಗಳವಿರುವುದು ಅದೇ ಔಷಧಿಯನ್ನು ಮಗು ಒಳಗಿರುವಾಗ ಕೊಡುವ ರೀತಿಯ ಬಗ್ಗೆ. ಮಗು ಹೊರಗೆ ಬಂದ ಮೇಲೆ ಗರ್ಭಕೋಶ ಎಷ್ಟು ಬಿಗಿದರೆ ಅಷ್ಟು ಒಳ್ಳೆಯದು. ಮಗು ಒಳಗಿರುವಾಗ ಹಾಗಲ್ಲ. ನೋವು ಬಂದು ಗರ್ಭಕೋಶ ಬಿಗಿದಾಗ ಮಾಸಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಸಡಿಲಾದಾಗ ಮತ್ತೆ ಹರಿಯುತ್ತದೆ. ಮಗುವಿಗೆ ಪ್ರಾಣವಾಯು ಸಿಗುವುದು ಆ ಬಿಡುವಿನಲ್ಲಿ. ತಾಯಿಗೆ ಸುಧಾರಿಸಿಕೊಳ್ಳಲು ಸಿಗುವುದೂ ಆ ಬಿಡುವಿನಲ್ಲಿ. ನಮ್ಮ ಮೈ ತನ್ನ ಹಾರ್ಮೋನನ್ನು ಅಲೆ ಅಲೆಯಾಗಿ, ತಡೆದು ತಡೆದು ಬಿಡುತ್ತದೆ. ಬಾಟಲಿಗೆ ಆ ವಿವೇಕವಿಲ್ಲ. ನಾವು ಎಷ್ಟು ತಿರುಗಿಸಿಟ್ಟರೆ ಅಷ್ಟು ಹನಿ ಬೀಳುತ್ತಲೇ ಇರುತ್ತದೆ. ಹನಿ ಹೆಚ್ಚಾದರೆ ಬಿಡುವು ಕಡಿಮೆಯಾಗುತ್ತದೆ. ಬಿಡುವೇ ಇಲ್ಲದಂತಾದರೆ ಮಗುವಿನ ಎದೆಬಡಿತ ಕುಗ್ಗುತ್ತದೆ. ತೀರಾ ಮಿತಿಮೀರಿದರೆ ಗರ್ಭಕೋಶವೇ ಒಡೆಯಬಹುದು. ಕಳೆದ ಶತಮಾನದ ಆರಂಭದಲ್ಲಿ ಈ ಸಾರವನ್ನು ಅಳತೆ ಮೀರಿ ಚುಚ್ಚಿ ಹೀಗಾದ ಉದಾಹರಣೆಗಳು ಬೇಕಾದಷ್ಟಿದ್ದವು. ಅಲ್ಲಿಂದ ಪಾಠ ಕಲಿತೇ ಡ್ರಿಪ್ಪಿನಲ್ಲಿ ಹನಿ ಹನಿಯಾಗಿ ಕೊಡುವ ಪದ್ಧತಿ ಬಂದದ್ದು. ನರದಲ್ಲಿ ಹನಿಯಾಗಿ ಹೋಗುತ್ತಿದ್ದರೆ, ತೊಂದರೆ ಕಂಡ ಕೂಡಲೇ ನಿಲ್ಲಿಸಬಹುದು. ಕೆಲವು ನಿಮಿಷಗಳಲ್ಲಿ ಅದರ ಜೋರು ಇಳಿಯುತ್ತಾ ಬರುತ್ತದೆ. ಆದರೆ ನಿಲ್ಲಿಸಬೇಕಾದರೆ ತೊಂದರೆಯನ್ನು ಕಾಣುವ ಕಣ್ಣು ಪಕ್ಕದಲ್ಲಿರಬೇಕಲ್ಲ?

ಕೆಲವೆಡೆ ಡ್ರಿಪ್ಪಿನ ಗೋಜೂ ಇಲ್ಲ. ಹೆರಿಗೆಗೆ ಮುಂಚೆಯೇ ಸೊಂಟಕ್ಕೋ ತೋಳಿಗೋ ಚುಚ್ಚಿಬಿಡುವವರಿದ್ದಾರೆ. ಹಾಗೆ ಮೈಗೆ ಹೋದದ್ದನ್ನು ವಾಪಸು ತೆಗೆಯಲಾಗುವುದಿಲ್ಲ. ಪರಿಣಾಮವನ್ನು ಹತೋಟಿಯಲ್ಲಿಡಲಾಗದ ರೀತಿಯಲ್ಲಿ ಹೆರಿಗೆಗೆ ಮುಂಚೆ ಇಂಥ ಔಷಧಿ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ‘ಸ್ಪಷ್ಟವಾಗಿ ಹಾನಿಕರ, ಬಿಟ್ಟುಬಿಡಬೇಕಾದದ್ದು’ ಎಂಬ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ಔಷಧಿಗಳ ಸುರಕ್ಷತೆ ನೋಡಿಕೊಳ್ಳುವ ಒಂದು ಸಂಸ್ಥೆ 2007ರಲ್ಲಿ ನರಕ್ಕೆ ಕೊಡುವ ಆಕ್ಸಿಟೋಸಿನ್ನನ್ನು ಅತಿ ಎಚ್ಚರಿಕೆಯಿಂದ ಬಳಸಬೇಕಾದ ಔಷಧಿಗಳ ಪಟ್ಟಿಗೆ ಹಾಕಿತು. ಹೀಗಿರುವ ವಸ್ತು ನಮ್ಮಲ್ಲಿ ಗ್ಲೂಕೋಸಿನಷ್ಟು ಸಲೀಸಾಗಿ ಬಾಟಲಿಗೆ ಇಳಿಯುತ್ತದೆ.

ಇಷ್ಟು ಅವಸರ ಯಾರಿಗೆ? ಈ ಅವಸರಕ್ಕೂ ಒಂದು ಚರಿತ್ರೆಯಿದೆ. 1955ರಲ್ಲಿ ಅಮೆರಿಕದ ಎಮಾನ್ಯುಯಲ್ ಫ್ರೀಡ್‌ಮನ್ ಎಂಬ ವೈದ್ಯರು ಚೊಚ್ಚಲ ಬಸುರಿಯರ ಹೆರಿಗೆ ಗಮನಿಸಿ, ಗರ್ಭದ ಬಾಯಿ ಗಂಟೆಗಂಟೆಗೆ ಹೇಗೆ ತೆರೆಯುತ್ತದೆ ಎಂದು ಒಂದು ರೇಖೆ ಎಳೆದರು. ಮುಂದೆ ಗಂಟೆಗೆ ಒಂದು ಸೆಂಟಿಮೀಟರ್ ಎಂಬುದು ಲೋಕದ ಎಲ್ಲ ಹೆಂಗಸರಿಗೂ ಕಟ್ಟಳೆಯಾಯಿತು. ಹಿಂದೆ ಬಿದ್ದವಳಿಗೆ ಬಾಟಲಿ. ತರಗತಿಯಲ್ಲಿ ನಲವತ್ತು ಮಕ್ಕಳಿಗೂ ಒಂದೇ ಹೊತ್ತಿಗೆ ಲೆಕ್ಕ ಮುಗಿಯಬೇಕು ಎಂದು ಬೆತ್ತ ಹಿಡಿದ ಮೇಷ್ಟ್ರ ಹಾಗೆ. ಕೊನೆಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆ ಕಟ್ಟಳೆಯನ್ನು ಸಡಿಲಿಸಿತು. ಗಂಟೆಗೆ ಒಂದು ಸೆಂಟಿಮೀಟರ್ ಎನ್ನುವುದು ಎಷ್ಟೋ ಹೆಂಗಸರಿಗೆ ಹೊಂದುವುದಿಲ್ಲ, ಅದೊಂದನ್ನೇ ಹಿಡಿದುಕೊಂಡು ಔಷಧಿ ಕೊಡಬಾರದು ಎಂದಿತು. ತಾಯಿ ಮಗು ಚೆನ್ನಾಗಿದ್ದರೆ ಐದು ಸೆಂಟಿಮೀಟರ್ ಆಗುವ ಮೊದಲು ಹೆರಿಗೆಯನ್ನು ಚುರುಕುಗೊಳಿಸಲು ಹೋಗಬಾರದು ಎಂದೂ ಹೇಳಿತು. ನನ್ನ ಮಗಳಿಗೆ ಬಾಟಲಿ ಏರಿಸಿದಾಗ ಆಗಿದ್ದದ್ದು ಮೂರು.

ಇನ್ನೊಂದು ಸಂಗತಿ ಓದಿದಾಗ ನನಗೆ ಬೇಸರಕ್ಕಿಂತ ಸಿಟ್ಟು ಬಂತು. 1960ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್ನಿನ ಹೆರಿಗೆ ಆಸ್ಪತ್ರೆಯಲ್ಲಿ ಕೀರನ್ ಓಡ್ರಿಸ್ಕಾಲ್ ಎಂಬ ವೈದ್ಯರು ಚೊಚ್ಚಲ ಹೆರಿಗೆ ದಿನಗಟ್ಟಲೆ ಎಳೆಯದಂತೆ ಒಂದು ಪದ್ಧತಿ ತಂದರು. ಹೆರಿಗೆ ನಿಧಾನವಾದರೆ ಆಕ್ಸಿಟೋಸಿನ್ ಡ್ರಿಪ್ ಕೊಡುವುದು ಅದರ ಒಂದು ಭಾಗ. ಪ್ರತಿ ಬಸುರಿಯ ಪಕ್ಕದಲ್ಲೂ ಹೆರಿಗೆ ಮುಗಿಯುವ ತನಕ ಒಬ್ಬ ನರ್ಸ್ ಕದಲದೆ ಕೂತಿರಬೇಕು ಎಂಬುದು ಇನ್ನೊಂದು ಭಾಗ. ಒಬ್ಬಳಿಗೆ ಒಬ್ಬಳು. ಜಗತ್ತಿನ ಅನೇಕ ಆಸ್ಪತ್ರೆಗಳು ಈ ಪದ್ಧತಿಯನ್ನು ನಕಲು ಮಾಡಿದವು. ಬಾಟಲಿಯನ್ನು ತಂದವು, ಕುರ್ಚಿಯನ್ನು ಅಲ್ಲೇ ಬಿಟ್ಟವು. ಯಾಕೆಂದರೆ ಬಾಟಲಿ ಅಗ್ಗ, ಕುರ್ಚಿಯ ಮೇಲೆ ಕೂರುವವಳಿಗೆ ಸಂಬಳ ಕೊಡಬೇಕು.

ಪಕ್ಕದಲ್ಲಿ ಕೂರುವುದೇ ಒಂದು ಔಷಧಿ ಎಂದು ಈಗ ಪ್ರಯೋಗಗಳೂ ಹೇಳುತ್ತವೆ. ಜೊತೆಯಲ್ಲಿ ಒಬ್ಬರು ಬಿಡದೆ ಇದ್ದ ಹೆಂಗಸರಿಗೆ ಹೆರಿಗೆ ಸ್ವಲ್ಪ ಬೇಗನೆ ಆಗುತ್ತದೆ, ಸಹಜ ಹೆರಿಗೆ ಹೆಚ್ಚಾಗುತ್ತದೆ. ಭಯವಾದಾಗ ಮೈಯಲ್ಲಿ ಬೇರೆ ರಸಗಳು ಏರಿ ಹೆರಿಗೆಗೆ ಅಡ್ಡಿಯಾಗುತ್ತವೆಯಂತೆ. ನಮ್ಮ ಸೂಲಗಿತ್ತಿಯರು ಇದನ್ನು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು. ಆ ವರ್ಷದ ಕೊನೆಯಲ್ಲೇ ಅವರು ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಯ ಕೈಯಲ್ಲಿ ಡ್ರಿಪ್ ಇರಲಿಲ್ಲ, ತಾಳ್ಮೆ ಇತ್ತು. ರಕ್ತ ಹರಿದಾಗ ತಾಳ್ಮೆಯೊಂದೇ ಸಾಲದು, ಅದಕ್ಕೆ ಆಸ್ಪತ್ರೆ ಬೇಕು, ನಿಜ. ಆದರೆ ಆಸ್ಪತ್ರೆ ಬಂತೆಂದು ತಾಳ್ಮೆಯನ್ನು ಮನೆಗೆ ಕಳಿಸಬೇಕೆ? ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗಲಿಲ್ಲವಂತೆ. ಒಂಬತ್ತು ತಿಂಗಳು ಕಾಯುತ್ತೇವೆ, ಕೊನೆಯ ಒಂಬತ್ತು ಗಂಟೆ ಕಾಯುವುದಿಲ್ಲ.

ಡಾಕ್ಟರುಗಳನ್ನೇ ಬೈದು ಮುಗಿಸಿದರೆ ಅದು ಅರ್ಧ ಸತ್ಯವಾದೀತು. ಸಿಸಿಲಿಯಾ ವಾನ್ ಹಾಲೆನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1990ರ ದಶಕದಲ್ಲಿ ತಮಿಳುನಾಡಿನ ಬಡ ಹೆಂಗಸರ ನಡುವೆ ಇದ್ದು ಹೆರಿಗೆಯ ಬಗ್ಗೆ ಬರೆದ ಪುಸ್ತಕ 2003ರಲ್ಲಿ ಪ್ರಕಟವಾಯಿತು. ನೋವು ಹೆಚ್ಚಿಸುವ ಔಷಧಿ ಎಲ್ಲೆಡೆ ಧಾರಾಳ, ನೋವು ಕಡಿಮೆ ಮಾಡುವುದು ಮಾತ್ರ ಅಪರೂಪ ಎಂಬುದನ್ನು ಆಕೆ ಕಂಡರು. ಹೆಂಗಸರೇ ನೋವು ಬರಿಸುವ ಔಷಧಿಯನ್ನು ಬಯಸುವುದನ್ನೂ ಕಂಡರು. ನೋವೇ ಶಕ್ತಿ ಎಂಬ ನಂಬಿಕೆ ಅದರ ಹಿಂದಿತ್ತು. ನಮ್ಮಲ್ಲೂ ಹಾಗೇ ಅಲ್ಲವೆ? ‘ನೋವು ತಿಂದರೇ ತಾಯಿ’ ಎನ್ನುವವರು ನಾವೇ. ಅದೇ ಬಾಯಲ್ಲಿ ‘ಎಷ್ಟು ಹೊತ್ತು ಹೀಗೇ ಮಲಗಿಸ್ತೀರಿ, ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿ’ ಎಂದು ಸಿಸ್ಟರ್ ಜೀವ ತಿನ್ನುವವರೂ ನಾವೇ. ರಾಹುಕಾಲಕ್ಕೆ ಮುಂಚೆ ಆಗಲಿ ಎನ್ನುವವರು, ಅಮಾವಾಸ್ಯೆ ಹಿಡಿಯುವ ಮೊದಲೇ ಆಗಲಿ ಎನ್ನುವವರು, ಅಳಿಯನಿಗೆ ರಜೆ ಇಲ್ಲ ಎನ್ನುವವರು, ಎಲ್ಲರೂ ಕಾರಿಡಾರಿನಲ್ಲಿ ಕೂತ ನಾವೇ. ಸುಮ್ಮನೆ ಕಾಯುವ ಡಾಕ್ಟರು ಏನೂ ಮಾಡುತ್ತಿಲ್ಲ ಎಂದು ನಮ್ಮ ದೂರು. ಬಾಟಲಿ ಏರಿಸಿದವರು ಗಟ್ಟಿಗರು.

ಸರ್ಕಾರಕ್ಕೆ ಈ ಔಷಧಿಯ ದುರ್ಬಳಕೆ ಗೊತ್ತೇ ಇರಲಿಲ್ಲವೆ? ಗೊತ್ತಿತ್ತು. ಆದರೆ ಅದರ ಕಣ್ಣಿಗೆ ಬಿದ್ದದ್ದು ಹಸು. ಕರು ಮೂತಿಯಿಟ್ಟ ಕೂಡಲೇ ಹಸು ತೊರೆ ಬಿಡುತ್ತದಲ್ಲ, ಅದು ಈ ಹಾರ್ಮೋನಿನದೇ ಕೆಲಸ. ಕರುವಿನ ಗೊಡವೆ ಬೇಡವೆಂದು ಕೆಲವರು ಹಸು ಎಮ್ಮೆಗಳಿಗೆ ದಿನಾ ಆಕ್ಸಿಟೋಸಿನ್ ಚುಚ್ಚಿ ಹಾಲು ಇಳಿಸಿಕೊಳ್ಳುತ್ತಿದ್ದರು. ಹಾಲಿಗಾಗಿ ದನಕ್ಕೆ ಹಾನಿಯಾಗುವಂಥದ್ದನ್ನು ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಅಪರಾಧ. ಈ ಹಾವಳಿ ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ದೇಶದ ಬಳಕೆಗಾಗಿ ಯಾವ ಖಾಸಗಿ ಕಂಪೆನಿಯೂ ಆಕ್ಸಿಟೋಸಿನ್ ತಯಾರಿಸಕೂಡದು, ಅಂಗಡಿಗಳಲ್ಲಿ ಮಾರಕೂಡದು, ನಮ್ಮ ಬೆಂಗಳೂರಿನ ಸರ್ಕಾರಿ ಉದ್ದಿಮೆ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ಇಡೀ ಭಾರತಕ್ಕೆ ತಯಾರಿಸಿ ಆಸ್ಪತ್ರೆಗಳಿಗೆ ಕಳಿಸಬೇಕು ಎಂದಿತು. ಒಂದೇ ಕಾರ್ಖಾನೆಯಿಂದ ಎಲ್ಲ ಬಾಣಂತಿಯರಿಗೂ ಔಷಧಿ ಸಾಲದೆ ಹೋದರೆ? ರಕ್ತ ಹರಿಯುವಾಗ ಆಂಪೂಲು ಇಲ್ಲವೆಂದರೆ? ಔಷಧಿಗಳ ವಿಷಯದಲ್ಲಿ ಹೋರಾಡುವ ಸಂಘಟನೆಯವರು, ಕಂಪೆನಿಯವರು ಕೋರ್ಟಿಗೆ ಹೋದರು. 2018ರ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟು ಆ ಅಧಿಸೂಚನೆಯನ್ನು ರದ್ದು ಮಾಡಿತು. ಔಷಧಿ ಸಿಗದಿದ್ದರೆ ಹೆಂಗಸರಿಗೆ ಆಗುವ ಅಪಾಯವನ್ನು ಸರ್ಕಾರ ಸರಿಯಾಗಿ ತೂಗಿ ನೋಡಿಲ್ಲ ಎಂಬುದು ಅದರ ಒಂದು ಮುಖ್ಯ ಮಾತಾಗಿತ್ತು. ಮುಂದೆ ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು.

ಹಸುವಿನ ಮೇಲಿನ ಕರುಣೆಯನ್ನು ನಾನು ಆಡಿಕೊಳ್ಳುತ್ತಿಲ್ಲ. ಮೂಕಪ್ರಾಣಿಗೆ ಕಾನೂನು ಬೇಕೇ ಬೇಕು. ಆದರೆ ಇಷ್ಟೆಲ್ಲ ಗದ್ದಲದಲ್ಲಿ, ಇದೇ ಔಷಧಿ ಲೇಬರ್ ವಾರ್ಡಿನಲ್ಲಿ ಯಾರನ್ನೂ ಕೇಳದೆ ಹೇಳದೆ ಹೆಂಗಸಿನ ನರಕ್ಕೆ ಇಳಿಯುತ್ತಿದೆಯಲ್ಲ ಎಂದು ಯಾವ ಅಧಿಸೂಚನೆಯೂ ಕೇಳಲಿಲ್ಲ. ಹಸುವಿಗೆ ಬಾಯಿಲ್ಲ, ಅದಕ್ಕೇ ಕಾನೂನು ಅದರ ಪರವಾಗಿ ಮಾತಾಡಿತು. ನಮಗೆ ಬಾಯಿದೆ. ನಮ್ಮ ಪರವಾಗಿ ನಾವೂ ಮಾತಾಡಲಿಲ್ಲ.

ಕೇಳುವ ಹಕ್ಕು ನಮಗೆ ಇದೆಯೇ ಎಂದರೆ, ಇದೆ. 2008ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಈ ವಿಷಯ ಬಿಡಿಸಿ ಹೇಳಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೆಣ್ಣುಮಗಳ ಗರ್ಭಕೋಶವನ್ನು ಡಾಕ್ಟರು, ಹೊರಗಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ಕೋರ್ಟು ಅದನ್ನು ಒಪ್ಪಲಿಲ್ಲ. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಮೈಗೆ ಅವಳ ಒಪ್ಪಿಗೆಯೇ ಒಪ್ಪಿಗೆ, ಪ್ರಾಣಕ್ಕೆ ಅಪಾಯವಿಲ್ಲದಿರುವಾಗ ತಾಯಿಯ ಒಪ್ಪಿಗೆ ಅವಳದಾಗುವುದಿಲ್ಲ ಎಂದಿತು. ಚಿಕಿತ್ಸೆ ಏನು, ಅದರ ಲಾಭವೇನು, ಅಪಾಯವೇನು, ಬೇರೆ ದಾರಿ ಇದೆಯೇ ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದೂ ಹೇಳಿತು.

ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋದೆ. ಮಗಳ ಎರಡನೇ ಪ್ರಶ್ನೆಗೆ ಉತ್ತರ ಕೊಡುವ ಹೊತ್ತು ಬಂದಿತ್ತು. ಅವತ್ತು ಹನ್ನೊಂದು ಗಂಟೆಗೆ ಸಿಸ್ಟರನ್ನು ಕಾರಿಡಾರಿನಲ್ಲಿ ತಡೆದು, “ಸಿಸ್ಟರ್, ಪಾಪ ಎಷ್ಟು ಹೊತ್ತು ಒದ್ದಾಡ್ತಾಳೆ, ಬೇಗ ಆಗೋ ಹಾಗೆ ಏನಾದ್ರೂ ಹಾಕಿ” ಎಂದದ್ದು ನಾನು. ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿ ಬಂದು, “ನೋವು ಬರೋ ಇಂಜೆಕ್ಷನ್ ಹಾಕ್ತೀವಿ, ಆಗ್ಬಹುದಾ ಟೀಚರ್?” ಎಂದು ಕೇಳಿದ್ದು ನನ್ನನ್ನು. ಹೂಂ ಎಂದದ್ದು ನಾನು. ನಾಲ್ಕು ಹೆಜ್ಜೆ ಒಳಗೆ ಮಗಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಅವಳು ಎಂ.ಕಾಂ. ಓದಿದವಳು, ಬ್ಯಾಂಕಿನಲ್ಲಿ ನೂರಾರು ಜನರ ಸಹಿ ಪರಿಶೀಲಿಸುವವಳು. ಅವಳನ್ನು ಕೇಳಬೇಕೆಂದು ಸಿಸ್ಟರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅವಳಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಅಂತ ನಂಗೊತ್ತಿತ್ತಮ್ಮ. ನೀನೇ ಹೇಳ್ತೀಯಾ ಅಂತ ನೋಡ್ತಿದ್ದೆ” ಎಂದಳು.

ನಾನು ಇದನ್ನು ಹೇಳಿದಾಗ ಪರಿಚಯದ ಡಾಕ್ಟರೊಬ್ಬರು ಬೇಜಾರು ಮಾಡಿಕೊಂಡರು. “ಟೀಚರ್, ಒಂದು ಸಿಸ್ಟರಿಗೆ ನಾಲ್ಕು ಹೆರಿಗೆ. ಹೊರಗೆ ನೂರು ಜನ ಪೇಷಂಟು. ಮಗುವಿಗೆ ಏನಾದ್ರೂ ಆದ್ರೆ ಜನ ಗಾಜು ಒಡೀತಾರೆ. ನಾವೇನು ಮಾಡೋಣ?” ಎಂದರು. ಅವರ ಕಷ್ಟ ಸುಳ್ಳಲ್ಲ. ನೀರು ಒಡೆದು ಹೊತ್ತಾಗಿ, ನೋವು ನಿಂತುಹೋಗಿ, ಈ ಡ್ರಿಪ್ಪಿನಿಂದಲೇ ಆಪರೇಷನ್ ತಪ್ಪಿದ ಹೆಂಗಸರೂ ಎಷ್ಟೋ ಜನ ಇದ್ದಾರೆ ಎಂದರು. ಅದೂ ನಿಜ. ಆದರೆ ನಾಲ್ಕು ಜನಕ್ಕೆ ಒಬ್ಬ ಸಿಸ್ಟರ್ ಇರುವ ಕಡೆ, ಒಬ್ಬೊಬ್ಬರ ಪಕ್ಕವೂ ಕೂತು ಕಾಯಬೇಕಾದ ಔಷಧಿಯನ್ನು ನಾಲ್ವರಿಗೂ ಏರಿಸುವುದು ಕಷ್ಟಕ್ಕೆ ಪರಿಹಾರ ಹೇಗಾಗುತ್ತದೆ? ನೋಡಿಕೊಳ್ಳಲು ಜನವಿಲ್ಲ ಎಂಬುದು ಡ್ರಿಪ್ ಕೊಡಲು ಕಾರಣವಲ್ಲ, ಕೊಡದಿರಲು ಕಾರಣ. ಜನ ಸಾಲದಿದ್ದರೆ ಜನ ಬೇಕೆಂದು ಕೇಳಲಿ, ಅವರ ಜೊತೆ ನಾವೂ ಕೇಳೋಣ. ಅದರ ಭಾರವನ್ನು ಮಲಗಿದವಳ ಗರ್ಭಕೋಶದ ಮೇಲೆ ಹೊರಿಸಬೇಡಿ.

ನಾನು ಕೇಳುವುದು ಆಕಾಶದ ಚಂದ್ರನನ್ನಲ್ಲ. ಈ ಔಷಧಿ ಹಾಕುವ ಮೊದಲು ಹೆರುವವಳಿಗೇ ಅದರ ಹೆಸರು, ಕಾರಣ ಹೇಳಿ, ಅವಳಿಂದಲೇ ಹೂಂ ಅನ್ನಿಸಿಕೊಳ್ಳಿ. ಹಾಕಿದ ಮೇಲೆ ಯಾರಾದರೂ ಬಲ್ಲವರು ಪಕ್ಕದಲ್ಲಿದ್ದು ನೋವಿನ ಬಿಡುವನ್ನೂ ಮಗುವಿನ ಎದೆಬಡಿತವನ್ನೂ ಎಣಿಸಲಿ. ಹಾಕಿದ ಹೊತ್ತು, ಪ್ರಮಾಣ, ನಿಲ್ಲಿಸಿದ ಹೊತ್ತು ಕೇಸ್ ಶೀಟಿನಲ್ಲೂ ಡಿಸ್ಚಾರ್ಜ್ ಕಾರ್ಡಿನಲ್ಲೂ ಇರಲಿ. ಮಗು ಹೊರಬರುವ ಮುಂಚೆ ಸೊಂಟಕ್ಕೆ ಚುಚ್ಚುವುದು ನಿಲ್ಲಲಿ. ಹೆಂಗಸಿನ ಜೊತೆಗೆ ಅವಳು ಬಯಸಿದ ಒಬ್ಬ ಹೆಂಗಸಿರಲಿ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಹೀಗೆ ಒಬ್ಬರು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿದೆ. ಹಣ ತೆತ್ತು ಸೇರುವ ಕಡೆಯೂ ನಾವು ಅಷ್ಟನ್ನು ಕೇಳಬಾರದೆ? ಇನ್ನು, ಕಾರಿಡಾರಿನಲ್ಲಿ ಕೂತಿರುವ ನನ್ನಂಥ ತಾಯಂದಿರಿಗೆ, ಅತ್ತೆಯಂದಿರಿಗೆ ಒಂದು ಮಾತು. ಬೇಗ ಮುಗಿಸಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಬಾಯಿಗೆ ಬಂದರೆ ಸೆರಗಿನ ತುದಿ ಕಚ್ಚಿಕೊಳ್ಳಿ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಮಗಳಿಗೆ ಮತ್ತೆ ಏಳನೇ ತಿಂಗಳು. ಮೊದಲ ಸಲ ಕೊಯ್ದು ಹೊಲಿದ ಗರ್ಭಕೋಶ. ಅಂಥ ಗರ್ಭಕೋಶಕ್ಕೆ ಈ ಔಷಧಿ ಅಳತೆ ಮೀರಿ ಹೋದರೆ ಹಳೆಯ ಹೊಲಿಗೆಯ ಗುರುತಿನಲ್ಲೇ ಒಡೆಯುವ ಅಪಾಯ ಹೆಚ್ಚು. ಸಹಜ ಹೆರಿಗೆಗೆ ಕಾಯುವುದೋ, ಮತ್ತೆ ಆಪರೇಷನ್ನೇ ಸರಿಯೋ ಎಂದು ಅವಳು, ಅಳಿಯ, ಡಾಕ್ಟರು ಕೂತು ಮಾತಾಡುತ್ತಿದ್ದಾರೆ. ಈ ಸಲದ ಆಸ್ಪತ್ರೆ ಬೇರೆ. ಡಾಕ್ಟರು ಕೇಳಿದ್ದಕ್ಕೆ ಉತ್ತರ ಕೊಡುವವರು. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಮೊನ್ನೆ ಅವಳ ತಾಯಿ ಕಾರ್ಡಿನ ಜೊತೆ ಮಡಚಿಟ್ಟ ಒಂದು ಹಾಳೆ ಕಂಡಿತು. ಬ್ಯಾಂಕಿನವರ ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ಮೊದಲ ಹೆರಿಗೆಯಲ್ಲಿ ನೋವು ಬರುವ ಡ್ರಿಪ್ ಹಾಕಿದ್ದರು, ಪ್ರಮಾಣ ಗೊತ್ತಿಲ್ಲ, ಕಾರ್ಡಿನಲ್ಲಿ ಬರೆದಿಲ್ಲ. ಈ ಸಲ ಏನೇ ಹಾಕುವುದಿದ್ದರೂ ನನ್ನನ್ನು ಕೇಳಿ ಹಾಕಿ. ಜೊತೆಗೆ ಅಮ್ಮ ಇರುತ್ತಾಳೆ.’

ಕೊನೆಯ ಸಾಲನ್ನು ಎರಡು ಸಲ ಓದಿದೆ. ಶಾಲೆಗೆ ಹದಿನೈದು ದಿನದ ರಜೆಗೆ ಅರ್ಜಿ ಬರೆದಿಟ್ಟಿದ್ದೇನೆ. ಈ ಸಲ ಕಾರಿಡಾರಿನಲ್ಲಿ ಅಲ್ಲ, ಅವಳ ಮಂಚದ ಪಕ್ಕ ಕೂರುತ್ತೇನೆ.